‘ಪಾರ್ಕಿಂಗ್ ಇದೆ’ ಅಂದರೆ ಎಲ್ಲಿ? ಶಿವಮೊಗ್ಗದ ಮೂರು ಬಗೆಯ ಬಾಡಿಗೆ ಮನೆ

ಶಿವಮೊಗ್ಗದಲ್ಲಿ ಮನೆ ತೋರಿಸುವವರು ‘ಪಾರ್ಕಿಂಗ್ ಇದೆ’ ಅಂದರೆ ಅದಕ್ಕೆ ಮೂರು ಅರ್ಥ. ಅಪಾರ್ಟ್‌ಮೆಂಟಿನ ಕೆಳಗೆ ಕಂಬಗಳ ನಡುವೆ ಒಂದು ಜಾಗ. ಇಲ್ಲವೇ ಓನರ್ ಕೆಳಗಿದ್ದು ಮೇಲ್ಮಹಡಿ ಕೊಟ್ಟಿರುವ ಮನೆಯ ಗೇಟಿನೊಳಗೆ ಒಂದಿಷ್ಟು ಜಾಗ. ಅದೂ ಇಲ್ಲದಿದ್ದರೆ ‘ರೋಡ್ ಅಗಲ ಇದೆಯಲ್ಲ, ಹೊರಗೆ ನಿಲ್ಲಿಸಿಕೊಳ್ಳಿ’. ಮೂರನ್ನೂ ಬಳಸಿ ನೋಡಿದ ಲೆಕ್ಕ ಇದು: ಕಾರಿದ್ದವರಿಗೆ ಮೊದಲನೆಯದು, ಬರೀ ಸ್ಕೂಟರ್ ಇದ್ದವರಿಗೆ ಎರಡನೆಯದು.

ವಿನೋಬನಗರ, ಗೋಪಾಳದ ಕಡೆ ಮೇಲ್ಮಹಡಿ ಮನೆಗಳು ಬೇಕಾದಷ್ಟು. 30x40 ಸೈಟಿನಲ್ಲಿ ಗೇಟಿನಿಂದ ಒಳಗೋಡೆಗೆ 15 ಅಡಿ ಸಿಕ್ಕಿತು ಅನ್ನಿ. ಸ್ವಿಫ್ಟ್ ಉದ್ದ 3.86 ಮೀಟರ್, ಹತ್ತಿರಹತ್ತಿರ 12 ಅಡಿ 8 ಇಂಚು. ಆರಾಮಾಗಿ ಹಿಡಿಸುತ್ತದೆ ಅನ್ನಿಸುತ್ತದೆ. ಆದರೆ 10 ಅಡಿ ಗೇಟಿನ ಒಂದೊಂದು ಬಾಗಿಲೂ 5 ಅಡಿ. ಅದು ಒಳಕ್ಕೆ ತೆರೆಯುವಂಥದ್ದಾದರೆ ಕಾರು ಒಳಗೆ ಬಂದ ಮೇಲೆ ಗೇಟು ಹಾಕಲು ಬರುವುದಿಲ್ಲ. ಮಡಚುವ ಗೇಟೋ, ಪಕ್ಕಕ್ಕೆ ಸರಿಯುವ ಗೇಟೋ ಇರಬೇಕು. ಕ್ರೆಟಾ 14 ಅಡಿ ದಾಟುತ್ತದೆ, ಅದನ್ನು ನಿಲ್ಲಿಸಿದರೆ ಮುಂದೆ ನಡೆದು ಹೋಗಲೂ ದಾರಿಯಿಲ್ಲ.

ಇನ್ನೊಂದು ತಾಪತ್ರಯ ಸಂಪು. ನಮ್ಮಲ್ಲಿ ಬಹಳಷ್ಟು ಮನೆಗಳಲ್ಲಿ ಅದು ಇರುವುದೇ ಕಾರು ನಿಲ್ಲುವ ಜಾಗದ ಕೆಳಗೆ. ಮುಚ್ಚಳ ಎಲ್ಲಿದೆ ನೋಡಿ. ಕಾರಿನ ಹೊಟ್ಟೆಯಡಿ ಬಂದರೆ, ನೀರು ಬಿಟ್ಟ ದಿನ ಬೆಳಗ್ಗೆ ಐದಕ್ಕೇ ‘ಸ್ವಲ್ಪ ಗಾಡಿ ತೆಗೀರಿ’ ಅಂತ ಕರೆ ಬರುತ್ತದೆ. ಮುಚ್ಚಳದ ಚೌಕಟ್ಟಿನ ಮೂಲೆಗಳಿಂದ ಬಿರುಕು ಹೊರಟಿದ್ದರೆ ಆ ಸ್ಲ್ಯಾಬ್ ಮೇಲೆ ಕಾರು ಹತ್ತಿಸಲೇಬೇಡಿ. ಎಲ್ಲ ಸರಿಯಿದ್ದರೂ, ಓನರ್ ಮಗ ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಕಾರಲ್ಲಿ ಬಂದರೆ ನಿಮ್ಮದು ಬೀದಿಗೆ. ಸ್ಕೂಟರಿಗೆ ಈ ಯಾವ ರಗಳೆಯೂ ಇಲ್ಲ, ಮೆಟ್ಟಿಲ ಕೆಳಗೆ ನಿಲ್ಲಿಸಿದರಾಯಿತು. ಎಲೆಕ್ಟ್ರಿಕ್ ಸ್ಕೂಟರ್ ಆದರೆ ಕೆಳಗೊಂದು ಪ್ಲಗ್ ಪಾಯಿಂಟ್ ಇದೆಯೇ, ಅದು ಯಾರ ಮೀಟರಿಗೆ ಸೇರಿದೆ ಅಂತ ಮೊದಲೇ ಕೇಳಿಕೊಳ್ಳಿ. ಮೇಲಿನಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುವುದು ಬೇಡ. ತೆಳು ವೈರ್ ಬಿಸಿಯಾಗುತ್ತದೆ, ಮಳೆಯಲ್ಲಿ ನೆನೆಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಯ ಮೇಲೆ ಮೇಂಟೆನೆನ್ಸ್ ಬೀಳುತ್ತದೆ, ಆದರೆ ಜಾಗ ನಿಮ್ಮದೇ. ಟೇಪ್ ಹಿಡಿದು ಕಂಬದಿಂದ ಕಂಬಕ್ಕೆ ಅಳೆಯಿರಿ. 8 ಅಡಿ ಸಿಕ್ಕರೆ ಸ್ವಿಫ್ಟ್ ನಿಂತ ಮೇಲೆ ಉಳಿಯುವುದು ಸುಮಾರು 70 ಸೆಂಟಿಮೀಟರ್. ಎಡಕ್ಕೆ ಒತ್ತಿ ನಿಲ್ಲಿಸಿದರೆ ಡ್ರೈವರ್ ಬಾಗಿಲು ಒಂದೇ ತೆರೆಯುತ್ತದೆ, ಜೊತೆಯವರು ಹೊರಗೇ ಇಳಿಯಬೇಕು. ಕಂಬಗಳ ಮೇಲೆ ಬೇರೆಬೇರೆ ಬಣ್ಣದ ಗೀರುಗಳಿದ್ದರೆ ಅಲ್ಲಿ ತಿರುಗಿಸುವುದು ಎಷ್ಟು ಕಷ್ಟ ಅಂತ ಅವೇ ಹೇಳುತ್ತವೆ. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಕೆಳಗೆಲ್ಲ ಖಾಲಿ ಕಾಣುತ್ತದೆ. ರಾತ್ರಿ ಒಂಬತ್ತಕ್ಕೆ ಇನ್ನೊಮ್ಮೆ ಹೋಗಿ. ಪಾರ್ಕಿಂಗ್ ನೆಲಮಟ್ಟಕ್ಕಿಂತ ಕೆಳಗಿದ್ದರೆ ಕಂಬದ ಬುಡದಲ್ಲಿ ಕೆಸರಿನ ಗೆರೆ ಇದೆಯೇ, ಇಳಿಜಾರಿನ ಕೊನೆಗೆ ಜಾಲರಿ ಹಾಕಿದ ಚರಂಡಿ ಇದೆಯೇ ನೋಡಬೇಕು. ಜುಲೈ ಮಳೆಗೆ ಅಲ್ಲಿ ನೀರು ನಿಂತರೆ ಪಂಪೇ ಗತಿ, ಕರೆಂಟ್ ಹೋದರೆ ಅದೂ ಇಲ್ಲ. ಕಸದ ಡಬ್ಬಿಗಳ ಪಕ್ಕದ ಜಾಗ ಬೇಡ. ಇಲಿ ಬಾನೆಟ್‌ನೊಳಗೆ ಸೇರಿ ವೈರ್ ಕಡಿಯುತ್ತದೆ.

ದುರ್ಗಿಗುಡಿಯಂಥ ಕಡೆ ಮೂರನೆಯ ಬಗೆ ನಡೆಯುವುದೇ ಇಲ್ಲ. ಹಗಲಿಡೀ ಆಸ್ಪತ್ರೆ, ಅಂಗಡಿಗೆ ಬಂದವರ ಗಾಡಿಗಳು. ಬಡಾವಣೆಯಲ್ಲಾದರೆ ಪಕ್ಕದ ಖಾಲಿ ಸೈಟನ್ನು ತಿಂಗಳ ಲೆಕ್ಕದಲ್ಲಿ ಕೇಳಬಹುದು; ತೆಂಗಿನ ಮರದ ಕೆಳಗೆ ಮಾತ್ರ ಬೇಡ.

ಹುಡುಕಲು ಆ್ಯಪ್ ನೆಚ್ಚಿಕೊಳ್ಳಬೇಡಿ, ಬೈಕ್ ನಿಲ್ಲುವ ಜಾಗವನ್ನೂ ಅಲ್ಲಿ ಪಾರ್ಕಿಂಗ್ ಅಂತಲೇ ಹಾಕಿರುತ್ತಾರೆ. ಸಂಜೆ ಬೀದಿ ಸುತ್ತಿ ಟು-ಲೆಟ್ ಬೋರ್ಡ್ ನೋಡುವುದು, ಇಸ್ತ್ರಿ ಅಂಗಡಿಯವರನ್ನು ಕೇಳುವುದು ಹೆಚ್ಚು ಫಲ ಕೊಡುತ್ತದೆ. ಮನೆ ಒಪ್ಪಿಗೆಯಾದರೆ 11 ತಿಂಗಳ ಕರಾರಿನಲ್ಲಿ ಜಾಗದ ನಂಬರು, ಎಷ್ಟು ಕಾರು, ಎಷ್ಟು ಬೈಕು ಅಂತ ಬರೆಸಿ. ಅಡ್ವಾನ್ಸ್ ಕೊಡುವ ಮೊದಲು ನಿಮ್ಮದೇ ಕಾರು ಒಳಗೆ ನಿಲ್ಲಿಸಿ, ಇಳಿದು, ಗೇಟು ಹಾಕಿ ನೋಡಿ.