ಬ್ಯಾಡಗಿ ಗುಮಾಸ್ತನ ಕಣ್ಣಲ್ಲಿ ಡಾರ್ಕ್ ಮೋಡ್: ರಾತ್ರಿ ಮೇಲ್‌ಗೆ ಸೈ, ಹಗಲು ಲೆಕ್ಕಕ್ಕೆ ಒಲ್ಲೆ

ಪೂರ್ತಿ ಓದಲು ಪುರಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಔಟ್‌ಲುಕ್, ಜಿಮೇಲ್‌ನಲ್ಲಿ ರಾತ್ರಿ ಹೊತ್ತು ಮೇಲ್ ಓದುವವರಿಗೆ ಡಾರ್ಕ್ ಮೋಡ್ (ಪರದೆ ಕಪ್ಪು, ಅಕ್ಷರ ಬಿಳಿ ಆಗುವ ಏರ್ಪಾಡು) ಬಹಳ ಚಲೋ. ಹಗಲೆಲ್ಲ ಎಕ್ಸೆಲ್‌ನಲ್ಲಿ ಅಂಕಿ ತುಂಬುವವರಿಗೆ, ಕನ್ನಡದಲ್ಲಿ ಪತ್ರ ಟೈಪ್ ಮಾಡುವವರಿಗೆ ಅಷ್ಟಕ್ಕಷ್ಟೇ. ಕಣ್ಣುರಿಗೆ ಇದೇ ಔಷಧ ಅಂದುಕೊಂಡು ಹಾಕಿಕೊಳ್ಳುವ ಯೋಚನೆ ಇದ್ದರೆ, ಆ ಔಷಧ ಬೇರೆ ಕಡೆ ಇದೆ.

ನಾನು ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕಪತ್ರ ನೋಡುವವನು. ಬೆಳಿಗ್ಗೆಯಿಂದ ಲಾಟ್ ನಂಬರು, ತೂಕ, ಟೆಂಡರ್ ದರ. ಮಧ್ಯಾಹ್ನದ ಮೇಲೆ ರೈತರ ಪಟ್ಟಿ. ಸಂಜೆ ನಂತರ ಖರೀದಿದಾರರ ಮೇಲ್‌ಗಳಿಗೆ ಉತ್ತರ. ಸುಗ್ಗಿಯಲ್ಲಿ ಒಂದು ಟೆಂಡರ್ ದಿನಕ್ಕೆ ಮಾರುಕಟ್ಟೆಗೆ ಬರುವ ಚೀಲ ಲಕ್ಷ ದಾಟುವುದುಂಟು. ಆ ದಿನಗಳಲ್ಲಿ ಪರದೆಯಿಂದ ಕಣ್ಣು ಕೀಳುವುದು ಊಟಕ್ಕೆ ಮಾತ್ರ. ನಮ್ಮೂರಲ್ಲಿ ಯಾರಿಗಾದರೂ ಕಣ್ಣು ಉರಿದರೆ ಮೊದಲ ಅನುಮಾನ ಮೆಣಸಿನಕಾಯಿ ಘಾಟಿನ ಮೇಲೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮಳೆಗಾಲದಲ್ಲಿ, ಅಂಗಳದಲ್ಲಿ ಹೇಳಿಕೊಳ್ಳುವಷ್ಟು ಮಾಲೇ ಇಲ್ಲದಾಗಲೂ ಸಂಜೆಗೆ ಕಣ್ಣು ಕೆಂಪಾಗತೊಡಗಿದಾಗ ಘಾಟಿನ ಮೇಲೆ ಹಾಕುವಂತಿರಲಿಲ್ಲ. ಹೋದ ಸುಗ್ಗಿಗೂ ಮೊದಲೇ ಕಂಪ್ಯೂಟರ್, ಫೋನು ಎರಡನ್ನೂ ಕಪ್ಪು ಮಾಡಿದೆ.

ಮಾಡುವುದು ಸುಲಭ. ಔಟ್‌ಲುಕ್, ವರ್ಡ್, ಎಕ್ಸೆಲ್ ಯಾವುದರಲ್ಲೇ ಆಗಲಿ ಫೈಲ್ ಒಳಗೆ ಅಕೌಂಟ್‌ಗೆ ಹೋಗಿ ಆಫೀಸ್ ಥೀಮ್‌ನಲ್ಲಿ ಬ್ಲ್ಯಾಕ್ ಆರಿಸಿದರೆ ಎಲ್ಲದಕ್ಕೂ ಅನ್ವಯಿಸುತ್ತದೆ. ಆದರೆ ನಿಮ್ಮ ಆಫೀಸ್ ಯಾವ ಕಾಲದ್ದು ಎಂಬುದರ ಮೇಲೆ ಫಲ ನಿಂತಿದೆ. 2016, 2019ರ ಆವೃತ್ತಿಗಳಲ್ಲಿ ಮೇಲಿನ ಪಟ್ಟಿ, ಅಂಚು ಮಾತ್ರ ಕಪ್ಪಾಗಿ ವರ್ಡ್‌ನ ಹಾಳೆ ಬಿಳಿಯಾಗಿಯೇ ಉಳಿಯುತ್ತದೆ. ಇದು ಎರಡೂ ಕಡೆಗೂ ಅಲ್ಲದ ಸ್ಥಿತಿ, ಕಪ್ಪು ಚೌಕಟ್ಟಿನ ನಡುವೆ ಬಿಳಿ ಹಾಳೆ ಇನ್ನಷ್ಟು ಚುಚ್ಚುತ್ತದೆ. ಚಂದಾ ಕಟ್ಟಿ ಬಳಸುವ ಮೈಕ್ರೋಸಾಫ್ಟ್ 365ರಲ್ಲಿ ಹಾಳೆಯೂ ಕಪ್ಪಾಗುತ್ತದೆ. ಬೇಡವೆನಿಸಿದಾಗ ವ್ಯೂ ಟ್ಯಾಬಿನ ಸ್ವಿಚ್ ಮೋಡ್ಸ್ ಒತ್ತಿದರೆ ಹಾಳೆ ಮಾತ್ರ ಬಿಳಿಗೆ ಮರಳುತ್ತದೆ. ಎಕ್ಸೆಲ್‌ನ ಚೌಕಗಳು ಕಪ್ಪಾಗಲು ಶುರುವಾದದ್ದು ತೀರಾ ಈಚೆಗೆ, ಅದೂ 365 ಇದ್ದವರಿಗೆ. ಪ್ರಿಂಟ್ ಬಗ್ಗೆ ಅಂಜಿಕೆ ಬೇಡ. ಪರದೆ ಹೇಗೇ ಇರಲಿ, ಕಾಗದದ ಮೇಲೆ ಕಪ್ಪು ಅಕ್ಷರವೇ ಬರುತ್ತದೆ. ಹಣ ಕೊಡದೆ ಬಳಸುವ ಲಿಬ್ರೆಆಫೀಸ್‌ನಲ್ಲೂ 2023ರ 7.5 ಆವೃತ್ತಿಯಿಂದೀಚೆ ಡಾರ್ಕ್ ಮೋಡ್ ಸಾಕಷ್ಟು ಸುಧಾರಿಸಿದೆ.

ಅಂಗಡಿಯಲ್ಲಿ ಎದುರಾದ ವಿರೋಧವೇ ಬೇರೆ. ಸಾವಕಾರರು ಒಳಗೆ ಬಂದವರೇ ಪರದೆ ನೋಡಿ, "ಏನೋ ತಮ್ಮಾ, ಕಂಪ್ಯೂಟರ್ ಕೆಟ್ಟೇತೇನು? ಪೂರಾ ಕರ್ರಗಾಗೇತಲ್ಲ!" ಅಂದರು.

"ಇಲ್ರೀ ಸಾವಕಾರ್ರ, ನಾನ ಮಾಡೀನ್ರೀ. ಕಣ್ಣಿಗೆ ತಂಪು ಅಂತಾರ."

"ಮಾಡಾಕ ಬ್ಯಾರೆ ಬಣ್ಣ ಸಿಗಲಿಲ್ಲೇನು ನಿನಗ?"

ದೀಪಾವಳಿಯ ಲಕ್ಷ್ಮೀಪೂಜೆಗೆ ಖಾತೆ ಪುಸ್ತಕದ ಜೊತೆ ಕಂಪ್ಯೂಟರಿಗೂ ಕುಂಕುಮ ಹಚ್ಚುವ ಅಂಗಡಿ ಇದು. ಬೆಳಿಗ್ಗೆ ಬೆಳಿಗ್ಗೆ ಕರೀ ಪರದೆ ಅವರಿಗೆ ಸರಿಬರದಿದ್ದರೆ ಆಶ್ಚರ್ಯವಿಲ್ಲ. ಪೂಜೆ ದಿನ ಬಿಳಿ ಮಾಡುತ್ತೇನೆಂದು ಒಪ್ಪಿಸಿದೆ.

ಈಗ ನಿಜವಾಗಿ ಉಪಯೋಗಕ್ಕೆ ಬಂದ ಕಡೆಗೆ ಬರೋಣ. ಸುಗ್ಗಿಯಲ್ಲಿ ಖರೀದಿದಾರರ ಮೇಲ್ ಬರುವುದು ರಾತ್ರಿಯೇ. ಮಸಾಲೆ ಕಂಪನಿಯವರು, ಮೆಣಸಿನಕಾಯಿಯಿಂದ ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಯವರು, ನಾಳೆಯ ಟೆಂಡರಿಗೆ ಡಬ್ಬಿ ಎಷ್ಟು, ಕಡ್ಡಿ ಎಷ್ಟು (ಎರಡೂ ಬ್ಯಾಡಗಿ ಮೆಣಸಿನಕಾಯಿಯ ಬಗೆಗಳು), ಬಣ್ಣದ ಅಂಶ ಎಷ್ಟಿರಬೇಕು ಎಂದು ಬರೆಯುತ್ತಾರೆ. ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ, ಸಣ್ಣ ದೀಪವೊಂದೇ ಉರಿಯುವ ಕೋಣೆಯಲ್ಲಿ ಇದನ್ನೆಲ್ಲ ಓದಬೇಕು. ಮೊದಲಾದರೆ ಲ್ಯಾಪ್‌ಟಾಪ್ ತೆರೆದ ಕೂಡಲೇ ಗೋಡೆಯೆಲ್ಲ ಬೆಳಗಿ, ಹಾಸಿಗೆಯಿಂದ "ಆರಸ್ರೀ ಅದನ್ನ" ಎಂಬ ದನಿ ಬರುತ್ತಿತ್ತು. ಔಟ್‌ಲುಕ್ ಕಪ್ಪಾದ ಮೇಲೆ ಆ ತಕರಾರು ನಿಂತಿತು. ನನ್ನ ಕಣ್ಣಿಗೂ ಗೊತ್ತಾಗುವಷ್ಟು ಫರಕು: ಮೇಲ್ ಮುಚ್ಚಿ ದೀಪ ಆರಿಸಿದಾಗ ಕತ್ತಲಲ್ಲಿ ಬಿಳಿ ಚೌಕ ತೇಲುವುದು ಹೋಯಿತು. ಫೋನಿನ ಜಿಮೇಲ್‌ನಲ್ಲೂ ಅಷ್ಟೇ. ಆಂಡ್ರಾಯ್ಡ್‌ನಲ್ಲಿ ಹೊತ್ತು ಮುಳುಗಿದ ಮೇಲೆ ತಾನೇ ಕಪ್ಪಾಗಿ, ಬೆಳಗಾದ ಮೇಲೆ ತಾನೇ ಬಿಳಿಯಾಗುವ ಏರ್ಪಾಡಿದೆ. ಅದೊಂದನ್ನು ಹಾಕಿಟ್ಟರೆ ಮತ್ತೆ ಕೈ ಹಚ್ಚುವ ಕೆಲಸವಿಲ್ಲ.

ಇದರಲ್ಲೂ ಒಂದು ಕಿರಿಕಿರಿ ಇದೆ. ಕಪ್ಪು ಮೇಲ್‌ನಿಂದ ಲಿಂಕ್ ಒತ್ತಿ ಯಾವುದೋ ತೆರಿಗೆಯ, ಬ್ಯಾಂಕಿನ ಪುಟಕ್ಕೆ ಹೋದರೆ ಅದು ಹಾಲುಬಿಳಿ. ಕತ್ತಲಿಗೆ ಒಗ್ಗಿ ಕಣ್ಣಪಾಪೆ ಅಗಲವಾಗಿರುವ ಹೊತ್ತಿಗೆ ಆ ಬೆಳಕು ಬಡಿದರೆ, ಮೊದಲಿಂದ ಬಿಳಿಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸುತ್ತದೆ. ಒಂದು ಕಪ್ಪು ಒಂದು ಬಿಳಿ ಪುಟದ ನಡುವೆ ಮತ್ತೆ ಮತ್ತೆ ಓಡಾಡುವ ಕೆಲಸ ನಿಮ್ಮದಾದರೆ ಡಾರ್ಕ್ ಮೋಡ್ ಬೇಡ, ಪರದೆಯ ಬ್ರೈಟ್‌ನೆಸ್ ಇಳಿಸಿ.

ಕನ್ನಡ ಅಕ್ಷರದ ವಿಷಯ ಇಂಗ್ಲಿಷ್ ವಿಮರ್ಶೆಗಳಲ್ಲಿ ನಿಮಗೆ ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಕಪ್ಪಿನ ಮೇಲೆ ಬಿಳಿ ಅಕ್ಷರ ಇಟ್ಟಾಗ ಅಕ್ಷರದ ಅಂಚು ಸ್ವಲ್ಪ ಹೊಳೆದು ಹೊರಗೆ ಚೆಲ್ಲಿದಂತೆ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಪಾಪೆ ಹಿಗ್ಗುತ್ತದೆ, ಹಿಗ್ಗಿದಾಗ ಕಣ್ಣಿನ ಮಸೂರದ ಸಣ್ಣಪುಟ್ಟ ದೋಷವೆಲ್ಲ ಎದ್ದು ತೋರುತ್ತದೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂಬ ಕಾಲಂನಲ್ಲಿ ಏನಾದರೂ ಬರೆದಿದ್ದರೆ, ಅಂದರೆ ಅಸ್ಟಿಗ್ಮ್ಯಾಟಿಸಂ ಇದ್ದರೆ, ಇದು ಇನ್ನೂ ಜಾಸ್ತಿ. ನನಗೆ ಅದು ಇದೆ. ಇಂಗ್ಲಿಷ್‌ನ ದೊಡ್ಡ ಬಿಡಿ ಅಕ್ಷರ ಈ ಹೊಳಪನ್ನು ತಡೆದುಕೊಳ್ಳುತ್ತದೆ. ಕನ್ನಡಕ್ಕೆ ಕಷ್ಟ. ನಮ್ಮಲ್ಲಿ ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಬೇರೆಯಾಗುವುದೇ ಅಡಿಯ ಒಂದು ಸೀಳು ಗೆರೆಯಿಂದ. ಹನ್ನೊಂದು ಪಾಯಿಂಟಿನಲ್ಲಿ, ಕಪ್ಪು ಹಾಳೆಯ ಮೇಲೆ, ಆ ಸೀಳಿನೊಳಗೆ ಬೆಳಕು ತುಂಬಿಕೊಂಡು ಧ ಹೋಗಿ ದ ಆಗುತ್ತದೆ. ಕೆಳಗಿನ ಒತ್ತಕ್ಷರಗಳಂತೂ, ವಿಶೇಷವಾಗಿ 'ರಾಷ್ಟ್ರ'ದಂಥ ಎರಡೆರಡು ಒತ್ತಿರುವ ಕಡೆ, ಒಂದೇ ಬಿಳಿ ಚುಕ್ಕೆ. ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಪತ್ರಗಳ ಸಣಕಲು ಗೆರೆ ಇನ್ನೊಂದು ಬಗೆಯ ತೊಂದರೆ ಕೊಡುತ್ತದೆ: ಗೆರೆಯೇ ಮಂಕಾಗಿ ಅಕ್ಷರ ಅರ್ಧ ಕರಗಿದಂತಿರುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ: ಕನ್ನಡ ಕಡತವಾದರೆ ಹಿಗ್ಗಿಸಿ ನೋಡುವುದು (ಜೂಮ್ 130ಕ್ಕೆ ಇಡುತ್ತೇನೆ), ಫಾಂಟು ಸ್ವಲ್ಪ ದಪ್ಪಗಿನದ್ದು, ನೋಟೋ ಸ್ಯಾನ್ಸ್ ಕನ್ನಡದ ಮೀಡಿಯಂನಂಥದ್ದು ಆರಿಸುವುದು. ಅಷ್ಟಾದರೂ ಎರಡು ಪುಟಕ್ಕಿಂತ ಉದ್ದದ ಕರಾರು ಪತ್ರ ಓದಬೇಕಾದರೆ ಬಿಳಿಗೇ ಹೋಗುತ್ತೇನೆ. ಇದು ನನ್ನೊಬ್ಬನ ಹಟವಲ್ಲ. ಜರ್ಮನಿಯ ಡ್ಯುಸೆಲ್‌ಡಾರ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಳೆಯರೂ ವಯಸ್ಸಾದವರೂ ಬಿಳಿ ಹಿನ್ನೆಲೆಯ ಕಪ್ಪು ಅಕ್ಷರದಲ್ಲೇ ತಪ್ಪುಗಳನ್ನು ಚೆನ್ನಾಗಿ ಹಿಡಿದರು.

ಎಕ್ಸೆಲ್ ವಿಷಯ ಇದರ ತಮ್ಮ. ಕ್ವಿಂಟಲ್ ದರದಲ್ಲಿ 3 ಮತ್ತು 8, 6 ಮತ್ತು 8 ಒಂದಕ್ಕೊಂದು ಅಂಟಿದಂತೆ ಕಂಡರೆ ಆ ತಂಪು ಯಾರಿಗೆ ಬೇಕು? ಜೊತೆಗೆ ನಮ್ಮ ಹಾಳೆಗಳು ಬಣ್ಣದ ಹಾಳೆಗಳು: ಹಣ ಬಂದ ಸಾಲು ಹಸಿರು, ಬಾಕಿ ಇದ್ದದ್ದು ಹಳದಿ, ತಕರಾರಿನದು ಕೆಂಪು. ಬಿಳಿ ಹಾಳೆಗೆಂದು ಆರಿಸಿದ ತಿಳಿ ಬಣ್ಣಗಳು ಕಪ್ಪಿಗೆ ಬಂದಾಗ ಬೇರೆ ರೂಪ ತಾಳುತ್ತವೆ. ಒಂದೇ ಕಡತವನ್ನು ಒಬ್ಬರು ಬಿಳಿಯಲ್ಲಿ, ಇನ್ನೊಬ್ಬರು ಕಪ್ಪಿನಲ್ಲಿ ನೋಡುವ ಅಂಗಡಿಯಲ್ಲಿ "ಆ ಹಳದಿ ಸಾಲು ನೋಡ್ರೀ" ಅಂದರೆ ಯಾವ ಹಳದಿ ಎಂದು ಎದ್ದು ಬಂದು ತೋರಿಸಬೇಕಾಗುತ್ತದೆ. ಹಗಲು ಎಕ್ಸೆಲ್ ನನಗೆ ಬಿಳಿಯೇ.

ಬಣ್ಣದ ಮಾತು ಬಂದದ್ದಕ್ಕೆ, ನಮ್ಮ ವ್ಯಾಪಾರದವರಿಗೆ ಒಂದು ಎಚ್ಚರಿಕೆ. ಮೆಣಸಿನಕಾಯಿ ಮಾದರಿಯ ಫೋಟೋ ಮೇಲ್‌ನಲ್ಲಿ ಬಂದರೆ ಅದನ್ನು ಡಾರ್ಕ್ ಮೋಡ್‌ನಲ್ಲಿ ನೋಡಿ ಬೆಲೆ ಹೇಳಬೇಡಿ. ಕಪ್ಪು ಸುತ್ತುಗಟ್ಟಿದಾಗ ಯಾವ ಕೆಂಪೂ ಇದ್ದುದಕ್ಕಿಂತ ಹೆಚ್ಚು ತಿಳಿಯಾಗಿ, ಝಗಝಗಿಸಿ ಕಾಣುತ್ತದೆ. ಹಳೆಯ ಮಾಲೂ ಹೊಸದರಂತೆ ಮಿಂಚುತ್ತದೆ. ರಾತ್ರಿ ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ಹಾಕಿದ್ದರೆ ಇನ್ನೂ ಕೆಟ್ಟದ್ದು, ಕೆಂಪೆಲ್ಲ ಕಂದಿಗೆ ವಾಲುತ್ತದೆ. ಬಣ್ಣವೇ ಬಂಡವಾಳವಾದ ಬ್ಯಾಡಗಿ ಮೆಣಸಿನಕಾಯಿಗೆ (2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಮಾಲು) ಇದು ಸಣ್ಣ ಮಾತಲ್ಲ. ಔಟ್‌ಲುಕ್‌ನಲ್ಲಿ ತೆರೆದ ಮೇಲ್‌ನ ಮೇಲ್ಗಡೆ ಸೂರ್ಯನ ಚಿತ್ರದ ಗುಂಡಿಯೊಂದಿದೆ, ಅದನ್ನೊತ್ತಿದರೆ ಆ ಮೇಲ್ ಮಾತ್ರ ಬಿಳಿಯಾಗುತ್ತದೆ. ಫೋಟೋ ಬಂದಾಗಲೆಲ್ಲ ಅದನ್ನೇ ಒತ್ತುತ್ತೇನೆ. ಪ್ರತಿ ಮೇಲ್ ಬಿಳಿಯಾಗಿಯೇ ಬೇಕು, ಸುತ್ತಲಿನ ಪಟ್ಟಿ ಮಾತ್ರ ಕಪ್ಪಿರಲಿ ಎನ್ನುವವರಿಗೆ ಆಪ್ಶನ್ಸ್‌ನಲ್ಲಿ ಹಿನ್ನೆಲೆ ಬದಲಿಸಬೇಡ ಎಂದು ಟಿಕ್ ಹಾಕುವ ಅವಕಾಶವೂ ಇದೆ.

ಕಳಿಸುವವರೂ ಸ್ವಲ್ಪ ನೋಡಿಕೊಳ್ಳಬೇಕು. ಹಿನ್ನೆಲೆಯಿಲ್ಲದ ಕಪ್ಪು ಲೋಗೋವನ್ನು ಸಹಿಯ ಕೆಳಗೆ ಅಂಟಿಸುವ ಕಂಪನಿಗಳ ಹೆಸರೇ ನಮ್ಮ ಪರದೆಯಲ್ಲಿ ಮಾಯ. ಲೋಗೋ ಸುತ್ತ ತೆಳ್ಳಗೆ ಬಿಳಿ ಅಂಚು ಕೊಟ್ಟರೆ ಸಾಕು. ಇನ್ನು ಕಪ್ಪು ಪರದೆ ಮುಂದೆ ಕೂತು ಅಕ್ಷರಕ್ಕೆ ಕೈಯಾರೆ ಬಿಳಿ ಬಣ್ಣ ಆರಿಸಿದರೆ ಬಿಳಿ ಪರದೆಯವರಿಗೆ ಖಾಲಿ ಮೇಲ್ ಹೋಗುತ್ತದೆ. ಬಣ್ಣವನ್ನು ಆಟೋಮ್ಯಾಟಿಕ್‌ಗೆ ಬಿಟ್ಟರೆ ಈ ರಗಳೆ ಇಲ್ಲ.

ಧೂಳಿನ ಮಾತು ಬ್ಯಾಡಗಿಯವರಿಗಷ್ಟೇ. ಬಿಳಿ ಪರದೆಯ ಮೇಲೆ ಕಾಣದ ಮೆಣಸಿನಪುಡಿ ಕಪ್ಪು ಪರದೆಯ ಮೇಲೆ, ಕಿಟಕಿಯ ಬಿಸಿಲು ಬಿದ್ದಾಗ, ಕಣ ಕಣವಾಗಿ ತೋರುತ್ತದೆ. ಕಂಡದ್ದನ್ನು ಕೈಯಿಂದ ಒರೆಸಬೇಕೆನಿಸುತ್ತದೆ. ಒರೆಸಿದ ಕೈ ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಇಲ್ಲಿನ ಹಮಾಲರಿಗೂ ಗೊತ್ತು, ಗುಮಾಸ್ತರಿಗೂ ಗೊತ್ತು. ಹಸಿ ಬಟ್ಟೆ ಪಕ್ಕದಲ್ಲಿರಲಿ. ಧೂಳಿಲ್ಲದ ಅಂಗಡಿಯಲ್ಲೂ ಹಗಲು ಕಪ್ಪು ಪರದೆ ಕನ್ನಡಿಯಾಗುತ್ತದೆ: ತಲೆ ಮೇಲಿನ ಟ್ಯೂಬ್‌ಲೈಟು, ಹಿಂದಿನ ಬಾಗಿಲು, ನಮ್ಮದೇ ಮುಖ, ಎಲ್ಲದರ ಹಿಂದೆ ಅಕ್ಷರ ಹುಡುಕಬೇಕು. ಆಗ ಕಣ್ಣಿಗೆ ಆಯಾಸ ಇಳಿಯುವುದಿಲ್ಲ, ಏರುತ್ತದೆ.

ಕರೆಂಟ್ ಉಳಿತಾಯದ ಕಥೆ ನಂಬಬೇಡಿ. ಮೇಜಿನ ಮೇಲಿನ ಎಲ್‌ಸಿಡಿ ಮಾನಿಟರಿನ ಹಿಂದಿನ ದೀಪ ಕಪ್ಪಿಗೂ ಬಿಳಿಗೂ ಒಂದೇ ಸಮ ಉರಿಯುತ್ತದೆ. ಒಎಲ್‌ಇಡಿ ಫೋನಿನಲ್ಲಿ ಉಳಿತಾಯ ಇದೆ, ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದಂತೆ ಬ್ರೈಟ್‌ನೆಸ್ ಶೇ. 30ರಿಂದ 50ರಷ್ಟಿದ್ದಾಗ ಅದು ಸರಾಸರಿ ಶೇ. 3ರಿಂದ 9 ಅಷ್ಟೇ.

ಕೊನೆಗೆ ಕಣ್ಣುರಿ ಇಳಿಸಿದ್ದು ಯಾವುದು? ಹುಬ್ಬಳ್ಳಿಯಲ್ಲಿ ತೋರಿಸಿದಾಗ ಡಾಕ್ಟರು ಡಾರ್ಕ್ ಮೋಡ್ ವಿಷಯ ಕೇಳಿ ನಕ್ಕು, "ಹಾಕ್ಕೊಳ್ರೀ, ತಪ್ಪೇನಿಲ್ಲ. ಆದ್ರ ಕಣ್ಣು ಮುಚ್ಚಿ ತಗ್ಯೂದು ಮರತೀರಿ ನೀವು" ಅಂದರು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಸುಮಾರು 15 ಸಲ ಕಣ್ಣು ಮಿಟುಕಿಸುತ್ತೇವೆ. ಪರದೆ ಮುಂದೆ ಅದು ಅರ್ಧಕ್ಕೆ ಇಳಿಯುತ್ತದೆ, ಕಣ್ಣು ಒಣಗಿ ಉರಿಯುತ್ತದೆ. ಪರದೆ ಕಪ್ಪಿದ್ದರೂ ಒಣಗುವುದು ಒಣಗುವುದೇ. ನೀಲಿ ಬೆಳಕು ತಡೆಯುವ ಕನ್ನಡಕ ಬೇಕೇ ಎಂದು ಕೇಳಿದೆ, ಬೇಡ ಅಂದರು. ಅಲ್ಲಿನ ಕಣ್ಣಿನ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಆಪ್ತಾಲ್ಮಾಲಜಿಯೂ ಅದನ್ನೇ ಹೇಳುತ್ತದೆ. ಸಿಲಿಂಡರ್ ನಂಬರು ಸರಿಮಾಡಿಸಿದ್ದು, ಫ್ಯಾನಿನ ಗಾಳಿ ಮುಖಕ್ಕೆ ನೇರ ಬಡಿಯದಂತೆ ಕುರ್ಚಿ ತಿರುಗಿಸಿದ್ದು, ಮಾನಿಟರಿನ ಬ್ರೈಟ್‌ನೆಸ್ ಕೋಣೆಯ ಬೆಳಕಿಗೆ ಹೊಂದುವಷ್ಟು ಇಳಿಸಿದ್ದು, 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನದನ್ನು 20 ಸೆಕೆಂಡು ನೋಡುವುದು. ಅಂಗಳದಾಚೆಯ ಚೀಲದ ರಾಶಿ ಆ 20 ಅಡಿಗೆ ಹೇಳಿ ಮಾಡಿಸಿದಂತಿದೆ. ಉರಿ ಮುಕ್ಕಾಲು ಪಾಲು ಇಳಿದದ್ದು ಇವುಗಳಿಂದ.

ಹಾಗಾದರೆ ಅಂಕ? ರಾತ್ರಿಯ ಮೇಲ್‌ಗೆ ಐದಕ್ಕೆ ನಾಲ್ಕೂವರೆ. ಫೋನಿಗೆ ನಾಲ್ಕು. ವರ್ಡ್‌ನಲ್ಲಿ ಇಂಗ್ಲಿಷ್‌ಗೆ ಮೂರು, ಕನ್ನಡಕ್ಕೆ ಎರಡು. ಹಗಲಿನ ಎಕ್ಸೆಲ್‌ಗೆ ಒಂದೂವರೆ, ಅದೂ ಸ್ವಿಚ್ ಮೋಡ್ಸ್ ಗುಂಡಿ ಕೈಗೆ ಸಿಗುವ ಜಾಗದಲ್ಲಿದೆ ಎಂಬ ಕಾರಣಕ್ಕೆ. ಹೊಸದಾಗಿ ಹಾಕಿಕೊಳ್ಳುವವರು ಒಂದು ವಾರ ರಾತ್ರಿ ಮಾತ್ರ ಬಳಸಿ ನೋಡಿ. ಸಿಲಿಂಡರ್ ನಂಬರು ಇದ್ದವರು ಅಚ್ಚಗಪ್ಪು ಬಿಟ್ಟು ಆಫೀಸ್ ಥೀಮ್‌ನ ಡಾರ್ಕ್ ಗ್ರೇಯಿಂದ ಶುರು ಮಾಡಬಹುದು: ಪಟ್ಟಿ ಮಾತ್ರ ಬೂದಾಗಿ ಹಾಳೆ ಬಿಳಿಯಾಗಿಯೇ ಇರುವುದರಿಂದ ಅಕ್ಷರ ಚೆಲ್ಲುವುದಿಲ್ಲ.