ಮಾರ್ಫಿನ್ ಒಂದೇ ಸಾಕಾ, ಜೊತೆಗೆ ಸ್ಟಿರಾಯ್ಡ್ ಬೇಕಾ?

ಕ್ಯಾನ್ಸರ್ ನೋವಿಗೆ ಮನೆಯವರನ್ನು ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಕರೆದೊಯ್ಯುವವರು ಡಾಕ್ಟರ ಹತ್ರ ಇದನ್ನು ಕೇಳಲೇಬೇಕು. ಮಾರ್ಫಿನ್ ಮಿದುಳು, ಬೆನ್ನುಹುರಿಯಲ್ಲಿ ನೋವಿನ ಸಂದೇಶ ತಡೆಯುತ್ತದೆ. ಮಲಬದ್ಧತೆ ಮಾತ್ರ ಬಿಡಲ್ಲ, ಮೊದಲ ದಿನದಿಂದಲೇ ಅದಕ್ಕೂ ಔಷಧಿ ಬೇಕು.

ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್‌ನ ಕೆಲಸ ಬೇರೆ: ಊತ ಇಳಿಸುವುದು. ಗಡ್ಡೆ ನರ ಒತ್ತುತ್ತಿದ್ದರೆ, ಲಿವರ್ ಊದಿದ್ದರೆ, ತಲೆಯೊಳಗೆ ಒತ್ತಡ ಇದ್ದರೆ ಎರಡೂ ಸೇರಿದಾಗ ನಿಜವಾಗಿ ಆರಾಮ ಸಿಗಬಹುದು. ನೋವು ಜಾಸ್ತಿ ಅಂತ ಸುಮ್ನೆ ಸೇರಿಸುವುದು ನನಗೆ ಸರಿ ಕಾಣಲ್ಲ. ಸ್ಟಿರಾಯ್ಡ್ ಸಕ್ಕರೆ ಏರಿಸುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯೂ ಇದ್ದರೆ ಹೊಟ್ಟೆಹುಣ್ಣಿನ ಭಯ. ಸ್ಟಿರಾಯ್ಡನ್ನು ಸಾಮಾನ್ಯವಾಗಿ ಬೆಳಿಗ್ಗೆ ರೊಟ್ಟಿ ತಿಂದ ಮೇಲೆ ಕೊಡುತ್ತಾರೆ, ರಾತ್ರಿ ಕೊಟ್ಟರೆ ನಿದ್ದೆ ಕೆಡುತ್ತದೆ. ವಾರಗಟ್ಟಲೆ ಕೊಟ್ಟಿದ್ದರೆ ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ.

ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ ಮಾತ್ರೆ ಲೆಕ್ಕ ಬಿಡಿ, ತಕ್ಷಣ ಆಸ್ಪತ್ರೆಗೆ ಹೋಗಿ.