ನಿರ್ದೇಶಕಿಯರ ತರಬೇತಿ ಸೇವೆ: ತರಗತಿ ಸೊಗಸಾಗಿದೆ, ಡೈರೆಕ್ಟರಿ ಮಾತ್ರ ಬದಲಾಗಬೇಕು

ಕಂಪನಿಗಳ ಬೋರ್ಡ್ (ನಿರ್ದೇಶಕರ ಮಂಡಳಿ) ಸೇರಲು ಬಯಸುವ ಹೆಂಗಸರಿಗೆಂದೇ ನಡೆಸುವ ಆನ್‌ಲೈನ್ ತರಬೇತಿಯೊಂದನ್ನು ಈಚೆಗೆ ಮುಗಿಸಿದೆ. ಈ ಸೇವೆಯಲ್ಲಿ ಎರಡು ಭಾಗ. ಒಂದು ತರಗತಿ. ಇನ್ನೊಂದು ಡೈರೆಕ್ಟರಿ, ಅಂದರೆ ತರಬೇತಿ ಪಡೆದವರ ವಿವರಗಳ ಪಟ್ಟಿ. ಹೊಸ ನಿರ್ದೇಶಕರನ್ನು ಹುಡುಕುವ ಕಂಪನಿಗಳು ಅದನ್ನು ನೋಡುತ್ತವೆ. ಎರಡಕ್ಕೂ ಸೇರಿಸಿ ಒಂದೇ ಅಂಕ ಕೊಡೋಕೆ ಆಗಲ್ಲ. ಅಷ್ಟು ವ್ಯತ್ಯಾಸ ಇದೆ.

ನನ್ನದು ಇಂಟರ್ನಲ್ ಆಡಿಟ್ ಕೆಲಸ, ಅಂದರೆ ಕಂಪನಿಯ ಒಳಗಿನ ಲೆಕ್ಕ, ವ್ಯವಹಾರ ಪರಿಶೀಲಿಸುವುದು. ಬೋರ್ಡ್‌ನ ಸದಸ್ಯರೇ ಇರುವ ಆಡಿಟ್ ಕಮಿಟಿಯ ಮುಂದೆ ವರದಿ ಇಡುತ್ತೇನೆ, ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ, ಆಮೇಲೆ ಹೊರಗೆ ಬರುತ್ತೇನೆ. ತೀರ್ಮಾನ ಆಗುವುದು ನಾನು ಹೊರಗೆ ಬಂದ ಮೇಲೆ. ಲೆಕ್ಕಪತ್ರ, ಕಾನೂನು, ಕಂಪನಿ ಸೆಕ್ರೆಟರಿ ವಿಭಾಗಗಳಲ್ಲಿ ಹೀಗೆ ಬಾಗಿಲವರೆಗೂ ಬಂದು ನಿಂತ ಹೆಂಗಸರು ಬಹಳ ಮಂದಿ ಇದ್ದಾರೆ. ಒಳಗೆ ನಡೆಯುವುದನ್ನು ಕಲಿಯಬೇಕು ಅಂತಲೇ ನಾನು ಸೇರಿದೆ.

ಆ ಮಟ್ಟಿಗೆ ತರಗತಿ ತುಂಬಾ ಚೆನ್ನಾಗಿದೆ. ಬೋರ್ಡ್ ಪೇಪರ್‌ಗಳನ್ನು, ಅಂದರೆ ಸಭೆಗೆ ಮುಂಚೆ ನಿರ್ದೇಶಕರಿಗೆ ಕೊಡುವ ಕಾಗದಪತ್ರಗಳನ್ನು, ಓದುವುದು ಹೇಗೆ ಅಂತ ನಿಧಾನವಾಗಿ ಕಲಿಸುತ್ತಾರೆ. ಮೊದಲು ಲಾಭ ನಷ್ಟದ ಪುಟಕ್ಕೆ ಹೋಗಬೇಡಿ, ನಗದು ಹರಿವಿನ ಪುಟ ನೋಡಿ ಅನ್ನುತ್ತಾರೆ. ಲಾಭ ಏರುತ್ತಿದ್ದು ನಗದು ಬರದಿದ್ದರೆ ಯಾಕೆ ಅಂತ ಕೇಳಿ. ಆಮೇಲೆ ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ರಿಲೇಟೆಡ್ ಪಾರ್ಟಿ ವ್ಯವಹಾರ, ಅಂದರೆ ಮಾಲೀಕರಿಗೋ ನಿರ್ದೇಶಕರಿಗೋ ನಂಟಿರುವವರ ಜೊತೆಗಿನ ವ್ಯವಹಾರ, ಹುಡುಕಿ. ಇದರಲ್ಲಿ ಹೆಚ್ಚಿನದು ನನಗೆ ಗೊತ್ತಿದ್ದದ್ದೇ. ಆದರೆ ವರದಿ ಬರೆಯುವವಳಾಗಿ ನೋಡುವುದು ಬೇರೆ, ಸಹಿ ಹಾಕಿ ಜವಾಬ್ದಾರಿ ಹೊರುವವಳಾಗಿ ನೋಡುವುದು ಬೇರೆ.

ಎಲ್ಲಕ್ಕಿಂತ ಹಿಡಿಸಿದ್ದು ಅಣಕು ಬೋರ್ಡ್ ಸಭೆ. ನಮಗೆ ಕೊಟ್ಟ ವಿಷಯ ಒಂದು ಕಂಪನಿಯ ಖರೀದಿ. ಮಾರುತ್ತಿರುವವರು ಮಾಲೀಕರ ಸಂಬಂಧಿಕರು. ಅಧ್ಯಕ್ಷರ ಪಾತ್ರದಲ್ಲಿದ್ದ ತರಬೇತುದಾರರು 'ಸಮಯ ಇಲ್ಲ, ಇವತ್ತೇ ಮುಗಿಸೋಣ' ಅಂತ ಅವಸರ ಮಾಡುತ್ತಿದ್ದರು. ಬೆಲೆ ಕಟ್ಟಿದ್ದು ಯಾರು, ಯಾವ ಆಧಾರದ ಮೇಲೆ ಅಂತ ನಾನು ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ. ಅಲ್ಲಿಗೆ ಸುಮ್ಮನಾಗಬಾರದು, ಆಕ್ಷೇಪ ಮಿನಿಟ್ಸ್‌ನಲ್ಲಿ (ಸಭೆಯ ನಡಾವಳಿ ದಾಖಲೆಯಲ್ಲಿ) ದಾಖಲಾಗಬೇಕು ಅಂತ ಹೇಳಿ ಅಂದರು ನನ್ನ ಮಾರ್ಗದರ್ಶಕಿ. ಮುಂದಿನ ಸಭೆಯಲ್ಲಿ ಆ ಮಿನಿಟ್ಸ್ ತೆಗೆದು, ಹೇಳಿದ್ದೇ ಬರೆದಿದ್ದಾರಾ ಅಂತ ಓದಿ ನೋಡುವುದನ್ನೂ ಕಲಿಸಿದರು. ಅವರು ಈಗಲೂ ಬೋರ್ಡ್‌ಗಳಲ್ಲಿ ಕೂರುವವರು. ಪುಸ್ತಕದಲ್ಲಿ ಸಿಗದ ಪಾಠ ಇದು.

'ವ್ಯಕ್ತಿತ್ವ ವಿಕಸನ' ಅನ್ನುವ ಭಾಗ ಮಾತ್ರ ನನಗೆ ಬೇಸರ ತಂದಿತು. ದನಿ ಹೇಗಿರಬೇಕು, ಹೇಗೆ ಕೂರಬೇಕು, ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ. ಕೊರತೆ ಇರುವುದು ನಮ್ಮಲ್ಲೇ ಅನ್ನುವ ನಂಬಿಕೆಯ ಮೇಲೆ ಇಡೀ ಪಾಠ ನಿಂತಿದೆ. ಅದು ನಿಜವಾಗಿದ್ದರೆ ನಾರ್ವೆಯಲ್ಲಿ ಆದದ್ದು ಆಗುತ್ತಲೇ ಇರಲಿಲ್ಲ. ಬೋರ್ಡ್‌ನಲ್ಲಿ ಮಹಿಳೆಯರು ಕನಿಷ್ಠ ಶೇ 40 ಇರಬೇಕು ಅನ್ನುವ ಕಾನೂನು ಅಲ್ಲಿ 2003ರಲ್ಲಿ ಬಂದಾಗ ದೊಡ್ಡ ಪಬ್ಲಿಕ್ ಕಂಪನಿಗಳ ಬೋರ್ಡ್‌ಗಳಲ್ಲಿ ಮಹಿಳೆಯರು ಶೇ 10 ಕೂಡ ಇರಲಿಲ್ಲ. ಪಾಲಿಸದ ಕಂಪನಿಯನ್ನು ಮುಚ್ಚಿಸಬಹುದು ಅನ್ನುವ ನಿಯಮ ಬಂತು. 2008ರ ಹೊತ್ತಿಗೆ ಶೇ 40ರ ಗುರಿ ಮುಟ್ಟಿದರು. ಅಷ್ಟು ಕಡಿಮೆ ಸಮಯದಲ್ಲಿ ಹೆಂಗಸರ ಆತ್ಮವಿಶ್ವಾಸ ನಾಲ್ಕು ಪಟ್ಟು ಬೆಳೆಯಿತಾ? ಇಲ್ಲ. ಮೊದಲೇ ಇದ್ದವರನ್ನು ಕಂಪನಿಗಳು ಹುಡುಕಿದವು, ಅಷ್ಟೇ.

ಬ್ರಿಟನ್‌ನ ಮಾತನ್ನೂ ಪಾಠದಲ್ಲಿ ಸೇರಿಸಬೇಕಿತ್ತು. ಅಲ್ಲಿನ 100 ದೊಡ್ಡ ಕಂಪನಿಗಳ ಬೋರ್ಡ್‌ಗಳಲ್ಲಿ 2011ರಲ್ಲಿ ಮಹಿಳೆಯರು ಶೇ 12.5 ಇದ್ದರು. ಕೋಟಾ ಇಲ್ಲದೆ ಗುರಿ ಇಟ್ಟುಕೊಂಡು, ಪ್ರತಿ ವರ್ಷ ಅಂಕಿ ಪ್ರಕಟಿಸಿದರು. 2015ಕ್ಕೆ ಶೇ 25 ದಾಟಿತು. ಆದರೂ ಮಹಿಳೆಯರನ್ನು ಬೋರ್ಡ್‌ಗೆ ಸೇರಿಸದಿರಲು ಕಂಪನಿಗಳು ಹೇಳಿದ ನೆಪಗಳನ್ನು 2018ರಲ್ಲಿ ಸರ್ಕಾರವೇ ಬಹಿರಂಗ ಮಾಡಿತು. ಒಳ್ಳೆಯ ಹೆಂಗಸರನ್ನೆಲ್ಲ ಬೇರೆಯವರು ಆಗಲೇ ಕರೆದುಕೊಂಡಿದ್ದಾರೆ ಅಂದವರಿದ್ದರು. ಹೆಂಗಸರಿಗೆ ಈ ಒತ್ತಡ, ತಲೆನೋವು ಬೇಡ ಅಂದವರೂ ಇದ್ದರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಆ ತಲೆನೋವಿನ ಅರ್ಧ ಕೆಲಸ ನಾವು ಕೆಳಗಿನ ಹುದ್ದೆಗಳಲ್ಲಿ ಈಗಾಗಲೇ ಮಾಡುತ್ತಿದ್ದೇವೆ, ಅಲ್ವಾ?

ಇನ್ನು ಡೈರೆಕ್ಟರಿಗೆ ಬರುತ್ತೇನೆ. ನನ್ನ ತಕರಾರು ಇರುವುದು ಇಲ್ಲೇ. ನಮ್ಮ ವಿವರ ತುಂಬಿಸುವ ಫಾರಂ ಚೆನ್ನಾಗಿದೆ. ಆಡಿಟ್, ತಂತ್ರಜ್ಞಾನ, ಕಾನೂನು ಅಂತ ಪರಿಣತಿ ಬಿಡಿಸಿ ಹೇಳಬಹುದು. ಆದರೆ ಕಂಪನಿಗಳು ಹುಡುಕುವ ಪುಟದಲ್ಲಿ ಮೊದಲ ಪ್ರಶ್ನೆಯೇ 'ಹಿಂದೆ ಬೋರ್ಡ್‌ನಲ್ಲಿದ್ದ ಅನುಭವ ಇದೆಯೇ?'. ಇದೆ ಅಂತ ಒತ್ತಿದ ಕೂಡಲೇ ನನ್ನಂಥವರು ಪಟ್ಟಿಯಿಂದ ಮಾಯ. ಹೊಸಬರಿಗೆಂದು ಮಾಡಿದ ಪಟ್ಟಿಯಲ್ಲಿ ಹೊಸಬರೇ ಕಾಣುವುದಿಲ್ಲ. ಆಗಲೇ ಬೋರ್ಡ್‌ಗಳಲ್ಲಿರುವ ಕೆಲವೇ ಮಹಿಳೆಯರಿಗೆ ಮತ್ತೆ ಮತ್ತೆ ಕರೆ ಹೋಗುತ್ತದೆ. ಒಬ್ಬರಿಗೇ ಅಷ್ಟೊಂದು ಬೋರ್ಡ್ ಆದರೆ ಪೇಪರ್ ಓದಲು ಸಮಯವಾದರೂ ಎಲ್ಲಿಂದ ಬರಬೇಕು?

ಈ ಬಗ್ಗೆ ಬರೆದು ಕೇಳಿದೆ. ಬೇಗ ಉತ್ತರ ಬಂತು, ಮರ್ಯಾದೆಯಿಂದಲೇ ಬರೆದಿದ್ದರು. ಹೊಸ ನಿರ್ದೇಶಕರನ್ನು ಆರಿಸುವ, ಕಂಪನಿಗಳ ನಾಮಿನೇಷನ್ ಕಮಿಟಿಗಳೇ ಹಾಗೆ ಕೇಳುತ್ತವಂತೆ. ಕೇಳುತ್ತವೆ, ನಿಜ. ಆ ಕಮಿಟಿಗಳು ಸಾಮಾನ್ಯವಾಗಿ ಸಿಇಒ ಆಗಿದ್ದವರನ್ನು, ಬೇರೆ ಬೋರ್ಡ್‌ನಲ್ಲಿರುವವರನ್ನು, ಇಲ್ಲವೇ ಇರುವ ನಿರ್ದೇಶಕರಿಗೆ ಪರಿಚಯ ಇರುವವರನ್ನು ಹುಡುಕುತ್ತವೆ. ಆ ಮೂರೂ ಗುಂಪಿನಲ್ಲಿ ಹೆಂಗಸರು ಕಡಿಮೆ. ಆ ಅಭ್ಯಾಸವನ್ನು ಬದಲಿಸಲು ಹುಟ್ಟಿದ ಸೇವೆ ಅದೇ ಅಭ್ಯಾಸಕ್ಕೆ ಬಟನ್ ಮಾಡಿಕೊಟ್ಟರೆ ಹೇಗೆ?

ಭಾರತದ ಕಾನೂನಿನಿಂದಲೂ ಕಲಿಯಬಹುದು. 2013ರ ಕಂಪನಿ ಕಾಯ್ದೆ ಲಿಸ್ಟೆಡ್ (ಷೇರುಪೇಟೆಯಲ್ಲಿರುವ) ಕಂಪನಿಗಳಿಗೆ ಒಬ್ಬ ಮಹಿಳಾ ನಿರ್ದೇಶಕಿ ಇರಲೇಬೇಕು ಅಂದಿತು. ಎಷ್ಟೋ ಕಡೆ ಮಾಲೀಕರ ಹೆಂಡತಿ, ಮಗಳು ಆ ಕುರ್ಚಿಗೆ ಬಂದರು. ಆಮೇಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ನಿಯಮ ಬಿಗಿ ಮಾಡಿತು. ದೊಡ್ಡ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, 1000 ಕಂಪನಿಗಳಿಗೆ 2020ರ ಏಪ್ರಿಲ್‌ನಿಂದ ಒಬ್ಬ ಸ್ವತಂತ್ರ, ಅಂದರೆ ಮಾಲೀಕರ ಜೊತೆ ನಂಟಿಲ್ಲದ, ಮಹಿಳಾ ನಿರ್ದೇಶಕಿ ಕಡ್ಡಾಯವಾಯಿತು. ಯಾರನ್ನು ಹುಡುಕಬೇಕು ಅನ್ನುವ ನಿಯಮ ಬದಲಾದರೆ ಒಳಗೆ ಬರುವವರೂ ಬದಲಾಗುತ್ತಾರೆ. ಆದರೂ ಒಬ್ಬರೇ ಇದ್ದರೆ ಸಾಲದು. ಅವರು ಏನು ಹೇಳಿದರೂ ಅದು 'ಹೆಂಗಸರ ಅಭಿಪ್ರಾಯ' ಆಗಿಬಿಡುತ್ತದೆ. ಮೂವರಾದರೆ ಆ ಹಣೆಪಟ್ಟಿ ಕಳಚುತ್ತದೆ ಅಂತ 2006ರಲ್ಲಿ ಅಮೆರಿಕದಲ್ಲಿ ಮಹಿಳಾ ನಿರ್ದೇಶಕರನ್ನು ಮಾತನಾಡಿಸಿ ಮಾಡಿದ ಅಧ್ಯಯನ ಹೇಳಿತ್ತು.

ಯಾರಿಗೆ ಈ ಸೇವೆ ಒಳ್ಳೆಯದು? ಮ್ಯಾನೇಜರ್ ಹುದ್ದೆಯಲ್ಲಿದ್ದು ಬೋರ್ಡ್ ಕೆಲಸ ತಿಳಿಯಬೇಕು ಅನ್ನುವವರು ಧಾರಾಳವಾಗಿ ತರಗತಿಗೆ ಸೇರಿ. ಅಣಕು ಸಭೆಯೊಂದಕ್ಕಾಗಿಯೇ ಸೇರಬಹುದು. ವ್ಯಕ್ತಿತ್ವದ ಪಾಠ ಬಿಟ್ಟು ಮುಂದೆ ಹೋದರೂ ಪ್ರಮಾಣಪತ್ರ ಸಿಗುತ್ತದೆ. ಡೈರೆಕ್ಟರಿ ನಂಬಿಕೊಂಡು ಮಾತ್ರ ಸೇರಬೇಡಿ.

ಸೇವೆ ನಡೆಸುವವರಿಗೆ ನನ್ನ ಕೋರಿಕೆ ಎರಡು. ಆ ಅನುಭವದ ಬಟನ್ ತೆಗೆಯಿರಿ. ನಿಮ್ಮ ಪಟ್ಟಿಯ ಮೂಲಕ ಮೊದಲ ಸಲ ಬೋರ್ಡ್ ಸೇರಿದವರು ಎಷ್ಟು ಮಂದಿ ಅನ್ನುವುದನ್ನು ಪ್ರತಿ ವರ್ಷ ಪ್ರಕಟಿಸಿ. ಅಲ್ಲಿಯವರೆಗೆ ತರಗತಿಯ ಗೆಳತಿಯರ ಗುಂಪಿನಲ್ಲಿ ಇರುತ್ತೇನೆ, ಡೈರೆಕ್ಟರಿಯ ಸದಸ್ಯತ್ವ ಮಾತ್ರ ಮುಂದುವರಿಸುವುದಿಲ್ಲ.